ಎಣ್ಣೆ ಸ್ನಾನ ಮುಗಿಸಿ ಎದ್ದ ಕೂಡಲೇ ಕಣ್ಣು ಕತ್ತಲೆ. ಆ ಹೊತ್ತಿಗೆ ರಕ್ತ ಎಲ್ಲಿಗೆ ಹೋಗಿರುತ್ತದೆ?

ತಿಪಟೂರಿನವನು:

ಎಲ್ಲರಿಗೂ ನಮಸ್ಕಾರ. ಯುಗಾದಿ ದಿನ ನಮ್ಮ ಮನೆಯಲ್ಲಿ ನಡೆದದ್ದು ಇದು. ಅಪ್ಪನಿಗೆ 68 ವರ್ಷ. ಬೆಳಿಗ್ಗೆ ಅಮ್ಮ ತಲೆಗೆ ಮೈಗೆ ಹರಳೆಣ್ಣೆ ತಿಕ್ಕಿ ಅಂಗಳದ ಬಿಸಿಲಲ್ಲಿ ಅರ್ಧ ಗಂಟೆ ಕೂರಿಸಿದರು. ಆಮೇಲೆ ಬಚ್ಚಲಲ್ಲಿ ಮಣೆ ಮೇಲೆ ಕೂತು, ಹಂಡೆಯ ಸುಡುಸುಡು ನೀರು, ಸೀಗೆಪುಡಿ, ಎಲ್ಲ ಸಾಂಗವಾಗಿ ಮುಗಿಯಿತು. ಕೊನೆ ಚೊಂಬು ಸುರಿದುಕೊಂಡು ಟವೆಲ್‌ಗೆ ಅಂತ ಎದ್ದು ನಿಂತಿದ್ದಾರೆ, ಅಷ್ಟೇ. ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡು ಹಾಗೇ ಜಾರಿ ಕೂತರು. ಹಂಡೆಗೆ ತಲೆ ತಾಗಲಿಲ್ಲ, ಪುಣ್ಯ. ನಾನು ಓಡಿ ಹೋಗುವಷ್ಟರಲ್ಲಿ "ಏನೂ ಆಗಿಲ್ಲ ಬಿಡೋ" ಅಂತ ಬೈಯುವಷ್ಟು ಸರಿಯಾಗಿದ್ದರು.

ಪಕ್ಕದ ಮನೆ ಅಜ್ಜಿ ಪಿತ್ತ ನೆತ್ತಿಗೇರಿದೆ, ನಿಂಬೆಹಣ್ಣು ತಿಕ್ಕಿ ಅಂದರು. ನನ್ನ ತಲೆಹರಟೆ ಬೇರೆ. ಅಪ್ಪನಿಗೆ ಇರುವುದು ಬಿಪಿ ಜಾಸ್ತಿ ಅನ್ನುವ ಕಾಯಿಲೆ. ಬಿಪಿ ಜಾಸ್ತಿ ಇರುವವರಿಗೆ ಎದ್ದು ನಿಂತ ಮಾತ್ರಕ್ಕೆ ಬಿಪಿ ಕಮ್ಮಿ ಆಗುವುದು ಹೇಗೆ? ಇನ್ನೊಂದು. ಹೃದಯ ಅನ್ನುವುದು ಒಂದು ಪಂಪು. ಈಗ ಮಿದುಳಿಗೆ ಕಳಿಸು, ಈಗ ಕಾಲಿಗೆ ಕಳಿಸು ಅಂತ ಅದಕ್ಕೆ ಯಾರು ಹೇಳುತ್ತಾರೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಗೂಗಲ್ ಮಾಡಿದರೆ ಒಂದೋ ಹೆದರಿಸುತ್ತದೆ, ಇಲ್ಲ ಇಂಗ್ಲಿಷ್ ಪಾಠ ಒಪ್ಪಿಸುತ್ತದೆ.

ನೈಟ್ ಡ್ಯೂಟಿ:

ಪಾಠ ಆಮೇಲೆ. ಮೊದಲು ಎರಡು ಪ್ರಶ್ನೆ. ನೀರು ಕಾಯಿಸಿದ್ದು ಯಾವುದರಲ್ಲಿ? ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗಿದ್ದು ಕಿಟಕಿ ಮುಚ್ಚಿದ್ದರೆ ವಿಷಯವೇ ಬೇರೆ, ಅದು ವಿಷದ ಗಾಳಿ, ಅಲ್ಲಿ ಒಂದು ನಿಮಿಷವೂ ಇರಬಾರದು. ಎರಡನೆಯದು, ಅಪ್ಪ ಯಾವ ಯಾವ ಮಾತ್ರೆ ತಗೊಳ್ಳುತ್ತಾರೆ? "ಬಿಪಿ ಮಾತ್ರೆ" ಅಂದರೆ ಸಾಲದು. ಡಬ್ಬಿಯಲ್ಲಿರುವ ಎಲ್ಲದರ ಹೆಸರು ಬೇಕು.

ತಿಪಟೂರಿನವನು:

ಹಂಡೆ ಒಲೆ ಮೇಡಂ, ಸೌದೆ. ಒಲೆ ಬಾಯಿ ಹೊರಗಡೆ ಹಿತ್ತಲಿಗಿದೆ, ಹೊಗೆ ಒಳಗೆ ಬರುವುದಿಲ್ಲ. ಮಾತ್ರೆ ಹೆಸರು ಸಂಜೆ ಮನೆಗೆ ಹೋಗಿ ನೋಡಿ ಹಾಕುತ್ತೇನೆ.

ಪಾಠದ ಮೇಷ್ಟ್ರು:

ಪಿತ್ತದ ಮಾತು ಬಿಡಿ. ನಿಂಬೆಹಣ್ಣನ್ನು ತಲೆಗೆ ತಿಕ್ಕುವ ಬದಲು ಪಾನಕ ಮಾಡಿ ಕುಡಿಸಿ, ಹೊಟ್ಟೆಗೆ ನೀರಾದರೂ ಹೋಗುತ್ತದೆ.

ನಾನು ನರ್ಸಿಂಗ್ ಮಕ್ಕಳಿಗೆ ದೇಹದ ಕೆಲಸಗಳ ಬಗ್ಗೆ ಪಾಠ ಮಾಡುವವನು. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ನಿಮ್ಮ ಇದೇ ಪ್ರಶ್ನೆ ಬರುತ್ತದೆ, ಅದರೊಳಗೆ ಇದೇ ತಪ್ಪೂ ಇರುತ್ತದೆ. ಹೃದಯ ಯಾರಿಗೂ ರಕ್ತ "ಕಳಿಸುವುದಿಲ್ಲ" ರೀ. ಅದಕ್ಕೆ ಯಾರ ವಿಳಾಸವೂ ಗೊತ್ತಿಲ್ಲ. ತನ್ನ ಹತ್ತಿರ ಬಂದದ್ದನ್ನು ಒಂದು ದೊಡ್ಡ ಪೈಪಿಗೆ ತಳ್ಳುತ್ತದೆ. ಯಾರಿಗೆ ಎಷ್ಟು ಅನ್ನುವುದು ತೀರ್ಮಾನವಾಗುವುದು ಆ ಕಡೆ ತುದಿಯಲ್ಲಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ನಾಳಗಳಲ್ಲಿ. ಅವಕ್ಕೆ ಕಿರು ಅಪಧಮನಿ ಅನ್ನುತ್ತಾರೆ. ಅವುಗಳ ಗೋಡೆಯಲ್ಲಿ ಸುತ್ತ ಬಳೆ ತೊಡಿಸಿದ ಹಾಗೆ ಸ್ನಾಯು ಇರುತ್ತದೆ. ಅದು ಬಿಗಿದರೆ ನಲ್ಲಿ ಕಟ್ಟಿದ ಹಾಗೆ, ಸಡಿಲಿದರೆ ತಿರುಗಿಸಿ ಬಿಟ್ಟ ಹಾಗೆ.

ಈ ನಲ್ಲಿಯ ಕರಾಮತ್ತು ಏನು ಅಂದರೆ, ಸ್ವಲ್ಪ ತಿರುಗಿಸಿದರೂ ಸಾಕು. ನಾಳದ ಅಗಲ ಅರ್ಧಕ್ಕೆ ಇಳಿದರೆ ಹರಿಯುವ ರಕ್ತ ಅರ್ಧ ಆಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬರೀ ನೂರಕ್ಕೆ ಹತ್ತರಷ್ಟು ಅಗಲವಾದರೆ ಹರಿವು ಹತ್ತಿರ ಹತ್ತಿರ ಒಂದೂವರೆ ಪಟ್ಟು. ಪ್ವಾಸೆಯ್ ಅನ್ನುವ ಫ್ರೆಂಚ್ ವೈದ್ಯ 1840ರ ದಶಕದಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಹರಿಸಿ ಕಂಡುಕೊಂಡ ಲೆಕ್ಕ ಇದು. ರಕ್ತ ನೀರಿನ ಹಾಗೆ ಅಷ್ಟು ಸಲೀಸಾಗಿ ಹರಿಯುವುದಿಲ್ಲ, ಆದರೂ ಲೆಕ್ಕದ ದಿಕ್ಕು ಅದೇ.

ಈಗ ಪಾಲು ನೋಡಿ. ಸುಮ್ಮನೆ ಕೂತಿರುವಾಗ ಹೃದಯ ಒಂದು ಸಲ ಬಡಿದರೆ ಸುಮಾರು 70 ಮಿಲಿ ರಕ್ತ ಹೊರಗೆ ಬರುತ್ತದೆ. ನಿಮಿಷಕ್ಕೆ 72 ಬಡಿತ ಅಂದರೆ 5 ಲೀಟರ್. ಮೈಯಲ್ಲಿ ಇರುವ ರಕ್ತವೂ ಹತ್ತಿರ ಹತ್ತಿರ ಅಷ್ಟೇ, ಅಂದರೆ ಇಡೀ ಸ್ಟಾಕ್ ನಿಮಿಷಕ್ಕೊಂದು ಸುತ್ತು ಬರುತ್ತದೆ. ಇದರಲ್ಲಿ ಮಿದುಳಿಗೆ ಮುಕ್ಕಾಲು ಲೀಟರ್. ಎರಡು ಕಿಡ್ನಿ ಸೇರಿದರೂ ಮುನ್ನೂರು ಗ್ರಾಂ ತೂಗುವುದಿಲ್ಲವೇನೋ, ಅವಕ್ಕೆ ಒಂದು ಲೀಟರಿಗೂ ಜಾಸ್ತಿ. ತಿನ್ನುವುದಕ್ಕಲ್ಲ, ಸೋಸುವುದಕ್ಕೆ. ಚರ್ಮಕ್ಕೆ ಅರ್ಧ ಲೀಟರಿಗಿಂತ ಕಮ್ಮಿ. ಆದರೆ ಸುಡುವ ಸೆಖೆಯಲ್ಲಿ, ಮೈ ತಣ್ಣಗಾಗಲೇಬೇಕು ಅನ್ನುವ ಸ್ಥಿತಿಯಲ್ಲಿ, ಅದೇ ಚರ್ಮ ನಿಮಿಷಕ್ಕೆ 6ರಿಂದ 8 ಲೀಟರ್ ವರೆಗೂ ಎಳೆದುಕೊಳ್ಳಬಲ್ಲದು, ಆಗ ಹೃದಯವೂ ಜೋರಾಗಿ ಬಡಿಯುತ್ತದೆ. ಬಿಸಿನೀರು ಮಿಂದು ಬಂದವರ ಮುಖ ಕೆಂಪಗೆ ಹೊಳೆಯುವುದು ಇದರಿಂದಲೇ.

ಈಗ ನಿಮ್ಮ ಬಚ್ಚಲಿಗೆ ಬನ್ನಿ. ಅರ್ಧ ಗಂಟೆ ಬಿಸಿಲು, ಮೇಲೆ ಹಂಡೆ ನೀರು. ಅಪ್ಪನ ಚರ್ಮದ ನಲ್ಲಿಗಳೆಲ್ಲ ಪೂರ್ತಿ ತೆರೆದಿವೆ. ಬೆವರಿ ನೀರೂ ಸ್ವಲ್ಪ ಹೋಗಿದೆ. ಮಣೆ ಮೇಲೆ ಮಂಡಿ ಮಡಚಿ ಕೂತಿದ್ದರಲ್ಲ, ಆಗ ಕಾಲಿನ ರಕ್ತ ಮೇಲಕ್ಕೆ ಒತ್ತಿಸಿಕೊಂಡಿತ್ತು. ಸಟ್ಟನೆ ಎದ್ದರು. ಭೂಮಿ ತನ್ನ ಕೆಲಸ ಮಾಡಿತು. ಅರ್ಧ ಲೀಟರಿಗೂ ಜಾಸ್ತಿ ರಕ್ತ ಎದೆಯಿಂದ ಹೊಟ್ಟೆಗೆ, ತೊಡೆಗೆ, ಕಾಲಿಗೆ ಇಳಿಯಿತು. ಹೃದಯಕ್ಕೆ ವಾಪಸ್ ಬರುವುದೇ ಕಮ್ಮಿ ಆಯಿತು. ಬಂದರೆ ತಾನೇ ತಳ್ಳುವುದು? ಒತ್ತಡ ಕುಸಿಯಿತು. ತಲೆ ಇರುವುದು ಎಲ್ಲಕ್ಕಿಂತ ಮೇಲೆ, ಎತ್ತರದ ಮನೆಗೆ ಮೊದಲು ನೀರು ನಿಲ್ಲುವ ಹಾಗೆ ಅಲ್ಲಿಗೆ ಮೊದಲು ಕೊರತೆ. ಕಣ್ಣು ಕತ್ತಲೆ. ಕುಸಿದು ಕೂತ ತಕ್ಷಣ ಸರಿಯಾದರು, ಯಾಕೆಂದರೆ ಕಾಲಿಗೆ ಇಳಿದಿದ್ದ ರಕ್ತ ಮತ್ತೆ ಹೃದಯಕ್ಕೆ ವಾಪಸ್ ಬರತೊಡಗಿತು. ಪ್ರಜ್ಞೆ ತಪ್ಪಿ ಬೀಳುವುದೂ ಒಂದು ಲೆಕ್ಕದಲ್ಲಿ ಮದ್ದೇ. ಹಂಡೆ ಪಕ್ಕದಲ್ಲಿ ಇರಬಾರದು ಅಷ್ಟೇ.

ಹಾಗಾದರೆ ನಾವು ದಿನಾ ಎದ್ದು ನಿಂತಾಗ ಯಾಕೆ ಬೀಳುವುದಿಲ್ಲ ಅಂತೀರಾ? ಕತ್ತಿನಲ್ಲಿ ಕಾವಲುಗಾರರಿದ್ದಾರೆ. ದವಡೆ ಮೂಲೆಯ ಕೆಳಗೆ ನಾಡಿ ಬಡಿಯುತ್ತದಲ್ಲ, ಅದೇ ಜಾಗದಲ್ಲಿ ಆ ದೊಡ್ಡ ನಾಳ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನ ಗೋಡೆಯಲ್ಲಿ ಎಳೆತ ಗುರುತಿಸುವ ನರದ ತುದಿಗಳಿವೆ. ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲೂ ಇವೆ. ಒತ್ತಡ ಇದ್ದರೆ ಗೋಡೆ ಹಿಗ್ಗುತ್ತದೆ, ನರ ಪಟಪಟ ಅಂತ ಸುದ್ದಿ ಕಳಿಸುತ್ತಾ ಇರುತ್ತದೆ. ಒತ್ತಡ ಇಳಿದರೆ ಆ ಸುದ್ದಿ ಕಮ್ಮಿಯಾಗುತ್ತದೆ. ಮಿದುಳಿನ ಬುಡದಲ್ಲಿ ಕೇಳಿಸಿಕೊಳ್ಳುತ್ತಾ ಕೂತಿರುವ ಜಾಗಕ್ಕೆ ಆ ಮೌನವೇ ಅಪಾಯದ ಗಂಟೆ. ಅದು ಮೊದಲು ಹೃದಯದ ಮೇಲಿನ ಬ್ರೇಕ್ ತೆಗೆಯುತ್ತದೆ. ಇದು ಒಂದೆರಡು ಬಡಿತದೊಳಗೆ ಆಗುವ ಕೆಲಸ. ಹಿಂದೆಯೇ ಕೈಕಾಲು ಹೊಟ್ಟೆಗಳ ನಲ್ಲಿಗಳನ್ನು ಬಿಗಿಯುತ್ತದೆ. ಇದಕ್ಕೆ ಸ್ವಲ್ಪ ಸೆಕೆಂಡು ಬೇಕು. ಇಷ್ಟೆಲ್ಲ ನಡೆಯುವಾಗ ನೀವು ಟವೆಲ್ ಹುಡುಕುತ್ತಾ ಇರುತ್ತೀರಿ, ಏನೂ ಗೊತ್ತಾಗುವುದಿಲ್ಲ.

ವಯಸ್ಸಾದಂತೆ ಕತ್ತಿನ ನಾಳದ ಗೋಡೆ ಗಡುಸಾಗುತ್ತದೆ. ವರ್ಷಗಟ್ಟಲೆ ಬಿಪಿ ಇದ್ದರೆ ಇನ್ನೂ ಗಡುಸು. ಹಿಗ್ಗದ ಗೋಡೆಯಲ್ಲಿ ಕೂತ ಕಾವಲುಗಾರನಿಗೆ ಸುದ್ದಿ ತಡವಾಗಿ ತಿಳಿಯುತ್ತದೆ. ಬಿಪಿ ಜಾಸ್ತಿ ಇರುವವರಿಗೇ ಎದ್ದಾಗ ಬಿಪಿ ಬೀಳುವ ವಿಚಿತ್ರಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಮಾತ್ರೆ ಡಬ್ಬಿಯಲ್ಲಿ ಇರಬಹುದು, ಮೇಲೆ ಮೇಡಂ ಕೇಳಿದ್ದು ಅದಕ್ಕೇ.

ಅಡಿಕೆ ತೋಟ:

ಮೇಷ್ಟ್ರೇ, ಇದು ನಮ್ಮ ಡ್ರಿಪ್ ಲೈನ್ ಕಥೆಯೇ ಆಯಿತು. ನಮ್ಮಲ್ಲಿ ಒಂದು ಬೋರು, ನಾಲ್ಕು ಗೇಟ್ ವಾಲ್ವು. ನಾಲ್ಕನ್ನೂ ಒಟ್ಟಿಗೆ ತಿರುಗಿಸಿಬಿಟ್ಟರೆ ತುದಿಯ ಗಿಡಕ್ಕೆ ತೊಟ್ಟು ನೀರು ಬೀಳುವುದಿಲ್ಲ. ಮೋಟರ್ ಅಷ್ಟೇ ಓಡುತ್ತಿರುತ್ತದೆ, ಪ್ರೆಶರ್ ಮಾತ್ರ ಇಲ್ಲ. ಅದಕ್ಕೇ ಒಂದು ಹೊತ್ತಿಗೆ ಒಂದೇ ವಾಲ್ವು. ನನ್ನ ತಮ್ಮನಿಗೆ ಎಷ್ಟು ಸಲ ಹೇಳಿದರೂ ಅರ್ಥ ಆಗುವುದಿಲ್ಲ, ಬೇಗ ಮುಗಿಯಲಿ ಅಂತ ಎಲ್ಲ ತೆಗೆದು ಮನೆಗೆ ಬಂದು ಮಲಗುತ್ತಾನೆ.

ನನ್ನ ಡೌಟು ಇಷ್ಟು. ನಮ್ಮಲ್ಲಿ ವಾಲ್ವ್ ತಿರುಗಿಸುವುದು ನಾನು. ಮೈಯಲ್ಲಿ ಪ್ರತಿ ವಾಲ್ವಿಗೂ ಮಿದುಳೇ ಹೇಳಬೇಕಾ? ಗುದ್ದಲಿ ಹಿಡಿದರೆ ತೋಳು ಬಿಸಿಯಾಗಿ ನರ ಉಬ್ಬುತ್ತದೆ, ಅದನ್ನೂ ಮಿದುಳು ಲೆಕ್ಕ ಹಾಕಿ ಹೇಳುತ್ತದಾ? ಇನ್ನೊಂದು, ಹೃದಯ ಕಸಿ ಮಾಡುತ್ತಾರಲ್ಲ, ಆಗ ವೈರಿಂಗ್ ಎಲ್ಲ ಕತ್ತರಿಸಿಬಿಟ್ಟಿರುತ್ತಾರೆ. ಆ ಹೃದಯಕ್ಕೆ ಎಷ್ಟು ಬಡಿಯಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಪಾಠದ ಮೇಷ್ಟ್ರು:

ಪ್ರಶ್ನೆ ಅಂದರೆ ಇದು. ನನ್ನ ಕ್ಲಾಸಿನಲ್ಲಿ ಇಂಥವರು ಇಬ್ಬರಿದ್ದರೆ ಸಾಕಿತ್ತು.

ಎಲ್ಲ ವಾಲ್ವನ್ನೂ ಮಿದುಳು ತಿರುಗಿಸುವುದಿಲ್ಲ. ಬಹಳಷ್ಟು ಕಡೆ ಗಿಡವೇ ತನ್ನ ನಲ್ಲಿ ತಿರುಗಿಸಿಕೊಳ್ಳುತ್ತದೆ. ಈಗಲೇ ಒಂದು ಮಾಡಿ ನೋಡಿ. ಬೆರಳಿಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ ಅರ್ಧ ನಿಮಿಷ ಬಿಡಿ, ಅದಕ್ಕಿಂತ ಜಾಸ್ತಿ ಬೇಡ. ಬೆರಳು ಮಂಕಾಗುತ್ತದೆ. ಬ್ಯಾಂಡ್ ತೆಗೆಯಿರಿ. ಮೊದಲಿಗಿಂತ ಜಾಸ್ತಿ ಕೆಂಪಾಗಿ, ಬೆಚ್ಚಗಾಗಿ, ಒಂದು ಥರ ಜುಮ್ ಅಂದು, ಆಮೇಲೆ ಮಾಮೂಲಿಗೆ ಬರುತ್ತದೆ. ಇಲ್ಲಿ ಯಾರೂ ಆರ್ಡರ್ ಕೊಟ್ಟಿಲ್ಲ. ರಕ್ತ ನಿಂತಾಗ ಆಮ್ಲಜನಕ ಕಮ್ಮಿಯಾಯಿತು, ಇಂಗಾಲದ ಡೈಆಕ್ಸೈಡ್, ಅಡಿನೋಸಿನ್ ಥರದ ಕೆಲಸದ ಕಸ ಅಲ್ಲೇ ಗುಡ್ಡೆ ಬಿತ್ತು. ಆ ಕಸವೇ ಪಕ್ಕದ ನಾಳವನ್ನು ಸಡಿಲಿಸುತ್ತದೆ. ಕಸ ಜಾಸ್ತಿ ಆದಷ್ಟೂ ನಲ್ಲಿ ಅಗಲ, ರಕ್ತ ಬಂದು ಕಸ ತೊಳೆದ ಮೇಲೆ ನಲ್ಲಿ ಮತ್ತೆ ಸಣ್ಣ. ಗುದ್ದಲಿ ಹಿಡಿದ ತೋಳಿನಲ್ಲೂ ಇದೇ ನಡೆಯುವುದು. ಸುಮ್ಮನಿದ್ದಾಗ ಮೈಯ ಎಲ್ಲ ಸ್ನಾಯು ಸೇರಿ ಒಂದು ಲೀಟರಿನಷ್ಟು ಕುಡಿಯುತ್ತವೆ. ಚೆನ್ನಾಗಿ ಪಳಗಿದ ಓಟಗಾರ ಜೀವ ಬಿಟ್ಟು ಓಡುವಾಗ ಅದು 20 ಲೀಟರ್ ದಾಟುತ್ತದೆ.

ಶ್ವಾಸಕೋಶ ಮಾತ್ರ ತದ್ವಿರುದ್ಧ. ಅಲ್ಲಿ ಆಮ್ಲಜನಕ ಕಮ್ಮಿ ಇರುವ ಮೂಲೆಯಲ್ಲಿ ನಾಳ ಬಿಗಿದುಕೊಳ್ಳುತ್ತದೆ. ಸರಿಯೇ ಅಲ್ವಾ, ಗಾಳಿ ಇಲ್ಲದ ಕಡೆಗೆ ರಕ್ತ ಕಳಿಸಿ ಏನು ಪ್ರಯೋಜನ?

ಇನ್ನು ಕಸಿ ಮಾಡಿದ ಹೃದಯ. ಹೃದಯಕ್ಕೆ ಬಡಿಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ಬಲಗಡೆಯ ಮೇಲಿನ ಕೋಣೆಯಲ್ಲಿ ಅದರದ್ದೇ ತಾಳ ಹಾಕುವ ಚುಕ್ಕೆ ಇದೆ. ನರದ ಸಂಪರ್ಕ ಇಲ್ಲದಿದ್ದರೆ ಅದು ನಿಮಿಷಕ್ಕೆ ಸುಮಾರು 100 ಬಡಿಯುತ್ತದೆ. ನಮ್ಮದು 72ಕ್ಕೆ ಇರುವುದು ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಅನ್ನುವ ನರ ಇಡೀ ದಿನ ಬ್ರೇಕ್ ಮೇಲೆ ಕಾಲಿಟ್ಟಿರುವುದರಿಂದ. ಕಸಿ ಆದವರಿಗೆ ಆ ಬ್ರೇಕ್ ಇಲ್ಲ, ಹಾಗಾಗಿ ಸುಮ್ಮನೆ ಕೂತರೂ 90, 100. ಅವರು ಮೆಟ್ಟಿಲು ಹತ್ತಿದರೆ ಬಡಿತ ತಕ್ಷಣ ಏರುವುದಿಲ್ಲ, ರಕ್ತದಲ್ಲಿ ಅಡ್ರಿನಲಿನ್ ಬರುವವರೆಗೆ ಕಾಯಬೇಕು. ಆದರೂ ಹತ್ತುತ್ತಾರೆ. ಹೇಗೆ? ಕಾಲಿನ ಸ್ನಾಯು ಹಿಂಡಿ ರಕ್ತ ಮೇಲೆ ತಳ್ಳುತ್ತದೆ, ಹೃದಯ ಜಾಸ್ತಿ ತುಂಬಿಕೊಳ್ಳುತ್ತದೆ, ಜಾಸ್ತಿ ತುಂಬಿದರೆ ಅದರ ಎಳೆಗಳು ಹಿಗ್ಗಿ ಜಾಸ್ತಿ ಬಲವಾಗಿ ಕುಗ್ಗುತ್ತವೆ. ಜರ್ಮನಿಯ ಫ್ರಾಂಕ್ ಕಪ್ಪೆಯ ಹೃದಯದಲ್ಲಿ 1895ರಲ್ಲಿ, ಇಂಗ್ಲೆಂಡಿನ ಸ್ಟಾರ್ಲಿಂಗ್ ನಾಯಿಯ ಹೃದಯದಲ್ಲಿ ಅದಾದ ಇಪ್ಪತ್ತು ವರ್ಷದೊಳಗೆ ತೋರಿಸಿದ್ದು ಇದನ್ನೇ. ಎಷ್ಟು ಬರುತ್ತದೋ ಅಷ್ಟು ಹೊರಗೆ. ನಿಮ್ಮ ಬೋರಿನ ಮೋಟರಿಗೆ ಈ ಬುದ್ಧಿ ಇಲ್ಲ.

ಹಾಗಾಗಿ ನಾನು ಮಕ್ಕಳಿಗೆ ಹೇಳುವುದು, ಹೃದಯ ಯಜಮಾನ ಅಲ್ಲ, ಆಳು. ಮೈಯ ಮೂಲೆ ಮೂಲೆಯ ನಲ್ಲಿಗಳು ಎಷ್ಟು ಬಿಡುತ್ತವೋ ಅಷ್ಟು ವಾಪಸ್ ಬರುತ್ತದೆ, ವಾಪಸ್ ಬಂದಷ್ಟನ್ನು ಇದು ತಳ್ಳುತ್ತದೆ. ಮಿದುಳು ನೋಡಿಕೊಳ್ಳುವುದು ಒಟ್ಟು ಒತ್ತಡ ಬೀಳದಂತೆ, ಅಂದರೆ ನಿಮ್ಮ ತಮ್ಮ ನಾಲ್ಕೂ ವಾಲ್ವು ತೆಗೆದು ಮಲಗದಂತೆ.

ಅಡಿಕೆ ತೋಟ:

ತಮ್ಮನಿಗೆ ಇದನ್ನೇ ಓದಿಸುತ್ತೇನೆ 🙏

ಸುಮ್ನೆ ಓದುವವಳು:

ಒಂದು ಮಾತು. ಊಟ ಆದ ಮೇಲೆ ನಿದ್ದೆ ಬರುವುದು ಮಿದುಳಿನ ರಕ್ತ ಹೊಟ್ಟೆಗೆ ಇಳಿಯುವುದರಿಂದ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಹೋಳಿಗೆ ಊಟ ಆದ ಮೇಲಂತೂ ಇದು ನಿಜ ಅನ್ನಿಸುತ್ತದೆ. ಅಪ್ಪನಿಗೂ ಹಬ್ಬದ ದಿನ ಹಾಗೇ ಆಗಿರಬಹುದಾ?

ಪಾಠದ ಮೇಷ್ಟ್ರು:

ಅಜ್ಜ ಅರ್ಧ ಸರಿ. ಊಟ ಆದ ಮೇಲೆ ಕರುಳಿನ ಕಡೆ ಹರಿವು ಒಂದೂವರೆ, ಎರಡು ಪಟ್ಟು ಆಗುವುದು ನಿಜ. ಆದರೆ ಅದು ಮಿದುಳಿನ ಪಾಲಿನಿಂದ ಕಿತ್ತುಕೊಂಡದ್ದಲ್ಲ. ಆರೋಗ್ಯವಂತರಲ್ಲಿ ಮಿದುಳು ತನ್ನ ಮುಕ್ಕಾಲು ಲೀಟರನ್ನು ಬಿಟ್ಟುಕೊಡುವುದೇ ಇಲ್ಲ. ಒತ್ತಡ ಸ್ವಲ್ಪ ಇಳಿದರೆ ಅದರ ನಾಳ ತಾನೇ ಅಗಲವಾಗುತ್ತದೆ, ಏರಿದರೆ ತಾನೇ ಕಿರಿದಾಗುತ್ತದೆ. ನಾಳವನ್ನು ಹಿಗ್ಗಿಸಿದರೆ ಅದು ಎದುರು ಬಿಗಿಯುತ್ತದೆ ಅಂತ 1902ರಲ್ಲೇ ಇಂಗ್ಲೆಂಡಿನ ಬೇಲಿಸ್ ಅನ್ನುವ ವಿಜ್ಞಾನಿ ಬರೆದಿದ್ದಾರೆ. ಹೋಳಿಗೆ ನಿದ್ದೆಗೆ ಬೇರೆ ಕಾರಣಗಳಿವೆ, ಮುಖ್ಯವಾಗಿ ನಾಲ್ಕನೇ ಹೋಳಿಗೆ.

ಮಿದುಳಿನ ನಾಳಕ್ಕೆ ಇಂಗಾಲದ ಡೈಆಕ್ಸೈಡ್ ಅಂದರೆ ಬಹಳ ಸೂಕ್ಷ್ಮ. ಬಲೂನು ಊದುತ್ತಾ ಊದುತ್ತಾ ತಲೆ ಧಿಮ್ ಅನ್ನುತ್ತದಲ್ಲ, ಜೋರಾಗಿ ಉಸಿರಾಡಿ ಆ ಅನಿಲ ಹೊರಗೆ ಹೋಗಿ ಮಿದುಳಿನ ನಾಳ ಬಿಗಿದುಕೊಂಡಿರುತ್ತದೆ. ಉಸಿರು ಜಾಸ್ತಿ ಆಗಿ ತಲೆಗೆ ರಕ್ತ ಕಮ್ಮಿ! ನನಗೆ ಈಗಲೂ ಇದು ತಮಾಷೆ ಅನ್ನಿಸುತ್ತದೆ.

ವಯಸ್ಸಾದವರ ಮಾತು ಬೇರೆ. ಕೆಲವರಿಗೆ ಊಟ ಆದ ಒಂದೆರಡು ಗಂಟೆಯೊಳಗೆ ಬಿಪಿ ನಿಜವಾಗಿ ಇಳಿಯುತ್ತದೆ. ಇವರಪ್ಪನಿಗೆ ಆಗಿದ್ದು ಊಟಕ್ಕೆ ಮುಂಚೆ, ಹಾಗಾಗಿ ಹೋಳಿಗೆ ನಿರಪರಾಧಿ.

ತಿಪಟೂರಿನವನು:

ಮಾತ್ರೆ ನೋಡಿದೆ. ಬೆಳಿಗ್ಗೆ ಆಮ್ಲೋಡಿಪಿನ್ 5. ಅದು ನಾಲ್ಕು ವರ್ಷದಿಂದ ಇದೆ. ಎರಡನೆಯದು ನನಗೆ ಗೊತ್ತೇ ಇರಲಿಲ್ಲ. ರಾತ್ರಿ ಪದೇಪದೇ ಮೂತ್ರಕ್ಕೆ ಏಳಬೇಕಾಗುತ್ತದೆ ಅಂತ ಹೋಗಿ ತೋರಿಸಿದ್ದಾರೆ, ಟ್ಯಾಮ್ಸುಲೋಸಿನ್ ಕೊಟ್ಟಿದ್ದಾರೆ. ಶುರುವಾಗಿ ಎರಡು ವಾರ. "ಅದು ಬಿಪಿ ಮಾತ್ರೆ ಅಲ್ವಲ್ಲ, ಅದಕ್ಕೆ ಹೇಳಲಿಲ್ಲ" ಅಂದರು ಅಪ್ಪ. ಕೊಟ್ಟ ಡಾಕ್ಟರಿಗೆ ಬಿಪಿ ಮಾತ್ರೆ ವಿಷಯವನ್ನೂ ಹೇಳಿಲ್ಲವಂತೆ, ಅವರೂ ಕೇಳಿಲ್ಲವಂತೆ.

ನೈಟ್ ಡ್ಯೂಟಿ:

ನೋಡಿದ್ರಾ. ಇದಕ್ಕೇ ನಾನು ಡಬ್ಬಿ ಡಬ್ಬಿ ಅಂತ ಬಡಕೊಂಡಿದ್ದು.

ಎರಡು ಮಾತ್ರೆಯೂ ನಲ್ಲಿಯ ಮೇಲೆಯೇ ಕೆಲಸ ಮಾಡುವಂಥವು. ಆಮ್ಲೋಡಿಪಿನ್ ಆ ಬಳೆ ಸ್ನಾಯುವಿಗೆ ಕ್ಯಾಲ್ಸಿಯಂ ನುಗ್ಗದಂತೆ ತಡೆದು ಸಡಿಲ ಮಾಡುತ್ತದೆ. ಕೆಲವರಿಗೆ ಅದರಿಂದ ಕಾಲು ಬಾವು ಬರುವುದೂ ಇದಕ್ಕೇ, ನಲ್ಲಿ ಸಡಿಲಾಗಿ ಕೆಳಗಿನ ಲೋಮನಾಳಗಳಿಗೆ ಒತ್ತಡ ದಾಟಿ ನೀರು ಆಚೆ ಜಿನುಗುತ್ತದೆ. ಟ್ಯಾಮ್ಸುಲೋಸಿನ್ ಪ್ರಾಸ್ಟೇಟ್ ಹತ್ತಿರದ ಸ್ನಾಯು ಸಡಿಲಿಸಲಿಕ್ಕೆ ಕೊಡುವುದು. ಹೆಚ್ಚಾಗಿ ಅಲ್ಲೇ ಕೆಲಸ ಮಾಡುತ್ತದೆ, ಆದರೆ ಅದೇ ಥರದ ಬೀಗ ರಕ್ತನಾಳದ ಗೋಡೆಯಲ್ಲೂ ಇದೆ. ಎದ್ದು ನಿಂತಾಗ ನರ "ಬಿಗಿ" ಅಂತ ಹೇಳುವುದು ಆ ಬೀಗದ ಮೂಲಕವೇ. ಮಾತ್ರೆ ಅಲ್ಲಿ ಅಡ್ಡ ಕೂತರೆ ಮೇಷ್ಟ್ರು ಹೇಳಿದ ಕಾವಲುಗಾರ ಕೂಗಿದರೂ ನಲ್ಲಿ ಕಟ್ಟುವುದು ತಡ. ಶುರು ಮಾಡಿದ ಮೊದಲ ದಿನಗಳಲ್ಲಿ ತಲೆಸುತ್ತು ಜಾಸ್ತಿ. ಬಿಸಿಲು, ಬಿಸಿನೀರು, ಮಣೆ, ಎರಡು ಮಾತ್ರೆ. ಪಾಪ, ಅಪ್ಪ ಬೀಳದಿದ್ದರೇ ಆಶ್ಚರ್ಯ.

ಆದರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಬಿಪಿ ಮಾತ್ರೆ ಬಿಟ್ಟು ಲಕ್ವ ಹೊಡೆಸಿಕೊಂಡು ಬರುವವರನ್ನು ನಾನು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ. ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಹೀಗೆ ಮಾಡಿ. ಅಪ್ಪ ಐದು ನಿಮಿಷ ಅಂಗಾತ ಮಲಗಿರಲಿ, ಒಂದು ರೀಡಿಂಗ್. ಎದ್ದು ನಿಂತು ಒಂದು ನಿಮಿಷಕ್ಕೆ ಒಂದು, ಮೂರು ನಿಮಿಷಕ್ಕೆ ಇನ್ನೊಂದು. ಪಕ್ಕದಲ್ಲಿ ನೀವು ನಿಂತಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದ್ದು 10 ಇಳಿದರೆ ಅದಕ್ಕೆ ಹೆಸರೇ ಇದೆ, ನಿಂತಾಗ ಬೀಳುವ ಬಿಪಿ. ಬೆಳಿಗ್ಗೆ ಸಂಜೆ ಮೂರು ದಿನ ಬರೆದುಕೊಂಡು ಎರಡೂ ಮಾತ್ರೆಯ ಪಟ್ಟಿ ಸಮೇತ ಡಾಕ್ಟರಿಗೆ ತೋರಿಸಿ. ಬಿದ್ದು ಪೂರ್ತಿ ಪ್ರಜ್ಞೆ ತಪ್ಪಿದರೆ, ಎದೆ ನೋವಿದ್ದರೆ, ಎದೆ ಡವಡವ ಅಂದರೆ ಮೂರು ದಿನ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಅಲ್ಲಿಯವರೆಗೆ ಮಣೆ ಬೇಡ, ಎತ್ತರದ ಸ್ಟೂಲ್. ನೀರು ಉಗುರುಬೆಚ್ಚಗೆ. ಚಿಲಕ ಹಾಕಬಾರದು. ಏಳುವ ಮುಂಚೆ ಪಾದ ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಲಿ, ಮೀನಖಂಡ ಹಿಂಡಿದರೆ ರಕ್ತ ಮೇಲೆ ಹೋಗುತ್ತದೆ. ಎದ್ದ ಮೇಲೆ ಮಂಕು ಅನ್ನಿಸಿದರೆ ಕಾಲ ಮೇಲೆ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಮಾಡಲಿ, ಅದಕ್ಕೂ ಬಗ್ಗದಿದ್ದರೆ ಕೂತುಬಿಡಲಿ. ಮರ್ಯಾದೆ ಪ್ರಶ್ನೆ ಅಲ್ಲ ಇದು.

ಸ್ಟೆಂಟ್ ಹಾಕಿಸಿಕೊಂಡವ:

ಮೀನಖಂಡದ ಮಾತು ಬಂತಲ್ಲ. ನಾನು ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್. ನನ್ನ ಕಾಲು ನೋಡಿದರೆ ನೀಲಿ ಹಗ್ಗ ಸುತ್ತಿದ ಹಾಗಿದೆ. ಸುಮ್ಮನೆ ನಿಂತರೆ ಪಾದದ ರಕ್ತನಾಳದಲ್ಲಿ ಒತ್ತಡ 90ರ ಹತ್ತಿರ ಇರುತ್ತದೆ, ನಡೆಯುತ್ತಾ ಇದ್ದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ ಅಂತ ಡಾಕ್ಟರ್ ಚಿತ್ರ ಬರೆದು ತೋರಿಸಿದ್ದರು. ಒಳಗೆ ಸಣ್ಣ ಸಣ್ಣ ಬಾಗಿಲು ಇವೆಯಂತೆ, ಮೇಲೆ ಹೋದ ರಕ್ತ ಕೆಳಗೆ ಬರಬಾರದು ಅಂತ. ನನ್ನವು ಕೆಟ್ಟು ಹೋಗಿವೆ.

ನಾನು ಬರೆಯಲು ಬಂದದ್ದು ಬೇರೆ. ಸ್ಟೆಂಟ್ ಹಾಕುವ ಮುಂಚೆ ಎದೆ ಹಿಡಿದಾಗ ನಾಲಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳುತ್ತಿದ್ದೆ. ಎರಡು ಮೂರು ನಿಮಿಷಕ್ಕೆ ಎದೆ ಬಿಡುತ್ತಿತ್ತು, ಆದರೆ ತಲೆ ಸಿಡಿದು ಹೋಗುತ್ತಿತ್ತು. ಒಂದು ಸಲ ನಿಂತುಕೊಂಡೇ ಇಟ್ಟುಕೊಂಡು ಡಿಪೋದಲ್ಲಿ ಬಿದ್ದೆ. ಆಮೇಲೆ ಗೊತ್ತಾಯಿತು, ಕೂತು ಇಟ್ಟುಕೊಳ್ಳಬೇಕು ಅಂತ. ಇದೂ ನಲ್ಲಿ ತಿರುಗಿಸುವುದೇ ಅಲ್ವಾ ಮೇಷ್ಟ್ರೇ?

ಪಾಠದ ಮೇಷ್ಟ್ರು:

ನಲ್ಲಿಯೇ, ಆದರೆ ಇದು ಜಾಸ್ತಿ ಸಡಿಲಿಸುವುದು ವಾಪಸ್ ತರುವ ನಾಳಗಳನ್ನು, ಅಂದರೆ ಅಭಿಧಮನಿಗಳನ್ನು. ಮೈಯ ರಕ್ತದಲ್ಲಿ ಮೂರನೇ ಎರಡು ಪಾಲು ಯಾವಾಗಲೂ ಅಲ್ಲೇ ಇರುತ್ತದೆ, ಗೋದಾಮು ಅದು. ಗೋದಾಮು ಅಗಲವಾದರೆ ಹೃದಯಕ್ಕೆ ಬರುವುದು ಕಮ್ಮಿ, ಅದರ ಕೆಲಸ ಕಮ್ಮಿ, ಎದೆ ನೋವು ಇಳಿಯುತ್ತದೆ. ನಿಂತಿದ್ದರೆ ಆ ರಕ್ತವೆಲ್ಲ ಕಾಲಿಗೆ, ನೀವು ಡಿಪೋ ನೆಲಕ್ಕೆ.

ಈ ಮಾತ್ರೆಯ ಅಣ್ಣ ನೈಟ್ರೋಗ್ಲಿಸರಿನ್. ಹೌದು, ಡೈನಮೈಟಿನಲ್ಲಿ ಇರುವುದೇ. 1879ರಲ್ಲಿ ಲಂಡನ್ನಿನ ಮರೆಲ್ ಅನ್ನುವ ವೈದ್ಯರು ಎದೆ ನೋವಿಗೆ ಇದು ಕೆಲಸ ಮಾಡುತ್ತದೆ ಅಂತ ಬರೆದರು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್‌ಗೇ ಕೊನೆಗಾಲದಲ್ಲಿ ಹೃದಯದ ಕಾಯಿಲೆ ಬಂದು ವೈದ್ಯರು ಇದನ್ನೇ ಬರೆದುಕೊಟ್ಟರು. ಸಿಡಿಮದ್ದು ಕಾರ್ಖಾನೆಯ ಕೆಲಸಗಾರರಿಗೆ ಸೋಮವಾರ ಸೋಮವಾರ ತಲೆನೋವು ಬರುತ್ತಿತ್ತು. ವಾರವಿಡೀ ಮೈ ಒಗ್ಗಿರುತ್ತಿತ್ತು, ಭಾನುವಾರ ರಜೆಯಲ್ಲಿ ಒಗ್ಗು ಬಿಡುತ್ತಿತ್ತು. ನಿಮ್ಮ ತಲೆನೋವೂ ಅದೇ ಜಾತಿ.

ಅದು ಹೇಗೆ ನಾಳ ಸಡಿಲಿಸುತ್ತದೆ ಅನ್ನುವುದು ನೂರು ವರ್ಷ ಯಾರಿಗೂ ಗೊತ್ತಿರಲಿಲ್ಲ. 1980ರಲ್ಲಿ ಅಮೆರಿಕದ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡು ಇಟ್ಟುಕೊಂಡು ಕೂತಿದ್ದರು. ಒಂದೇ ಔಷಧಿ, ಒಂದು ತುಂಡು ಸಡಿಲುತ್ತದೆ, ಇನ್ನೊಂದು ಸಡಿಲುವುದಿಲ್ಲ. ನೋಡಿದರೆ ಸಡಿಲದ ತುಂಡಿನ ಒಳಗಿನ ತೆಳು ಪದರ ತಯಾರಿ ಮಾಡುವಾಗ ಉಜ್ಜಿ ಹೋಗಿತ್ತು. ಅಲ್ಲಿಯವರೆಗೆ ಆ ಪದರವನ್ನು ಗೋಡೆಗೆ ಹೊಡೆದ ಸುಣ್ಣ ಅಂತಲೇ ಎಲ್ಲರೂ ತಿಳಿದಿದ್ದರು. ಅದು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಬಿಡುತ್ತದೆ, ಪಕ್ಕದ ಸ್ನಾಯು ಸಡಿಲುತ್ತದೆ. ನಿಮ್ಮ ಮಾತ್ರೆ ಮೈಯೊಳಗೆ ಹೋಗಿ ಕೊಡುವುದೂ ಇದೇ ಅನಿಲವನ್ನು. ಫರ್ಚ್‌ಗಾಟ್, ಇದೇ ವಿಷಯದಲ್ಲಿ ಕೆಲಸ ಮಾಡಿದ ಇಗ್ನಾರೋ, ಮುರಾಡ್, ಮೂವರಿಗೂ 1998ರಲ್ಲಿ ಬಹುಮಾನ ಬಂತು. ಯಾವ ಬಹುಮಾನ? ನೊಬೆಲ್!

ಸುಮ್ನೆ ಓದುವವಳು:

ಹಾಗಾದರೆ ಜಿರಾಫೆ? ಮೈಸೂರು ಝೂನಲ್ಲಿ ಅದು ಬಗ್ಗಿ ತಲೆ ಎತ್ತುವುದನ್ನು ನೋಡಿದ್ದೇನೆ, ಅದಕ್ಕೆ ತಲೆ ಸುತ್ತುವುದಿಲ್ಲವಾ?

ಪಾಠದ ಮೇಷ್ಟ್ರು:

ಅದರ ಬಿಪಿ ನಮ್ಮ ಎರಡರಷ್ಟು. ಅಷ್ಟು ಇಲ್ಲದಿದ್ದರೆ ಆ ಕತ್ತಿನ ಮೇಲಕ್ಕೆ ರಕ್ತ ಹತ್ತುವುದೇ ಇಲ್ಲ, ಒಂದು ಮೀಟರ್ ಏರಲಿಕ್ಕೇ 77 ಮಿಲಿಮೀಟರ್ ಪಾದರಸದಷ್ಟು ಒತ್ತಡ ಖರ್ಚು. ಕಾಲಿನ ಚರ್ಮ ಬಿಗಿ ಕಾಲುಚೀಲದ ಹಾಗೆ ಅಂಟಿಕೊಂಡಿರುತ್ತದೆ, ರಕ್ತ ಕೆಳಗೆ ನಿಲ್ಲಲು ಜಾಗವೇ ಇಲ್ಲ. ಕಂಡಕ್ಟರ್ ಸಾಹೇಬರಿಗೆ ಡಾಕ್ಟರ್ ಬಿಗಿ ಸಾಕ್ಸ್ ಬರೆದುಕೊಟ್ಟಿದ್ದರೆ ಅದು ಜಿರಾಫೆಯ ಉಪಾಯವೇ.

ಸ್ಟೆಂಟ್ ಹಾಕಿಸಿಕೊಂಡವ:

ಬರೆದುಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಹಾಕಿ ನೋಡಿ ಗೊತ್ತಾಗುತ್ತದೆ.

ತಿಪಟೂರಿನವನು:

ಅಪ್‌ಡೇಟ್. ಮೇಡಂ ಹೇಳಿದ ಹಾಗೆ ಮೂರು ದಿನ ಬರೆದೆ. ಮಲಗಿದಾಗ 138/84. ನಿಂತು ಒಂದು ನಿಮಿಷಕ್ಕೆ 112/74. ಮೂರು ನಿಮಿಷಕ್ಕೆ 118/76. ಬೆಳಿಗ್ಗೆ ಹೀಗೆ, ಸಂಜೆ ಇಷ್ಟು ವ್ಯತ್ಯಾಸ ಇಲ್ಲ. ಚೀಟಿ ಹಿಡಿದುಕೊಂಡು ನಮ್ಮ ಬಿಪಿ ಡಾಕ್ಟರ್ ಹತ್ತಿರ ಹೋದೆವು. ಇಸಿಜಿ ಮಾಡಿದರು, ಸರಿಯಾಗಿದೆ. ಮಾತ್ರೆ ಎರಡನ್ನೂ ನೋಡಿ ಒಂದರ ಹೊತ್ತು ಬದಲಿಸಿದರು, ಮೂತ್ರದ ಡಾಕ್ಟರಿಗೆ ಒಂದು ಪತ್ರ ಬರೆದುಕೊಟ್ಟರು, ಎರಡು ವಾರ ಬಿಟ್ಟು ಇದೇ ಥರ ನಿಂತು ಕೂತು ಬರೆದುಕೊಂಡು ಬನ್ನಿ ಅಂದರು. ನೀರು ಸರಿಯಾಗಿ ಕುಡಿಯಲು ಹೇಳಿದರು. ರಾತ್ರಿ ಏಳಬೇಕಾಗುತ್ತದೆ ಅಂತ ಅಪ್ಪ ಸಂಜೆ ನಾಲ್ಕರ ಮೇಲೆ ನೀರು ಮುಟ್ಟುತ್ತಲೇ ಇರಲಿಲ್ಲವಂತೆ, ಅದೂ ಅಲ್ಲೇ ಹೊರಗೆ ಬಂತು.

ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟಿದ್ದೇನೆ. ಅಪ್ಪ ಅದರ ಮೇಲೆ ಚೊಂಬು ಸೀಗೆಪುಡಿ ಇಟ್ಟುಕೊಂಡು ಮಣೆ ಮೇಲೆಯೇ ಕೂರುತ್ತಿದ್ದಾರೆ. ನಿನ್ನೆ ಅಮ್ಮ ಮಣೆ ತೆಗೆದು ಅಟ್ಟಕ್ಕೆ ಹಾಕಿದರು.

ನೈಟ್ ಡ್ಯೂಟಿ:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಎರಡು ವಾರದ ರೀಡಿಂಗ್ ಇಲ್ಲೇ ಹಾಕಿ.